ಹಗಲು ನಿದ್ದೆಗೆ ರಾತ್ರಿಯ ಸಾಕ್ಷಿ

ಹಗಲು ಹೊತ್ತಿನಲ್ಲಿ ತೂಕಡಿಸುವವನನ್ನು ಕಂಡರೆ ನಮ್ಮ ಜನರು ಕೊಡುವ ಬಿರುದುಗಳು ಎರಡೇ: ಒಂದು ಸೋಮಾರಿ, ಮತ್ತೊಂದು ಕುಂಭಕರ್ಣ. ಎರಡನೆಯದರಿಂದ ಪಾಪ, ಆ ರಾಕ್ಷಸನಿಗೇ ಅನ್ಯಾಯವಾಗುವುದು. ಅವನು ಮಲಗಿದರೆ ಮಲಗಿಯೇ ಇರುತ್ತಿದ್ದನು, ಎದ್ದಾಗ ಯುದ್ಧವನ್ನೇ ಮಾಡಿದನು. ಈ ತಿಂಗಳು ನಾವು ಬರೆಯಬೇಕೆಂದಿರುವ ವ್ಯಾಧಿಯಲ್ಲಾದರೋ, ರೋಗಿಯು ಒಂದು ಅಹೋರಾತ್ರಿಯಲ್ಲಿ ಮಲಗುವ ಗಂಟೆಗಳನ್ನೆಲ್ಲ ಕೂಡಿಸಿ ನೋಡಿದರೆ, ಅದು ಸಾಮಾನ್ಯವಾಗಿ ಇತರರ ನಿದ್ದೆಗಿಂತ ಬಹಳ ಹೆಚ್ಚೇನೂ ಆಗಿರುವುದಿಲ್ಲ. ನಿದ್ದೆಯ ಮೇರೆ ಮಾತ್ರ ಕೆಟ್ಟಿರುತ್ತದೆ. ಹಗಲಿನೊಳಕ್ಕೆ ನಿದ್ದೆ ನುಗ್ಗುತ್ತದೆ. ರಾತ್ರಿಯೊಳಕ್ಕೆ ಎಚ್ಚರ ನುಗ್ಗುತ್ತದೆ.

ಈ ವ್ಯಾಧಿಗೆ ನಾರ್ಕೋಲೆಪ್ಸಿ ಎಂಬ ಹೆಸರನ್ನು 1880ರಲ್ಲಿ ಇಟ್ಟವನು ಜೆಲಿನೋ ಎಂಬ ಫ್ರೆಂಚ್ ವೈದ್ಯನು. ಗ್ರೀಕರ ಮಾತಿನಲ್ಲಿ ನಾರ್ಕೆ ಎಂದರೆ ಜೋಮು, ಜಡತೆ. ಲೆಪ್ಸಿಸ್ ಎಂದರೆ ಹಿಡಿತ. ಜಡತೆಯು ಬಂದು ಹಿಡಿದುಕೊಳ್ಳುವುದೆಂದು ಅರ್ಥವಾಯಿತು. ಪಾಶ್ಚಾತ್ಯ ದೇಶಗಳಲ್ಲಿ ಎರಡರಿಂದ ನಾಲ್ಕು ಸಾವಿರ ಜನರಿಗೆ ಒಬ್ಬರಂತೆ ಈ ರೋಗದವರು ಇರುವರೆಂದು ಲೆಕ್ಕ ಹಾಕಿದ್ದಾರೆ. ಬಹುಮಟ್ಟಿಗೆ ಹತ್ತನೆಯ ವಯಸ್ಸಿನಿಂದ ಇಪ್ಪತ್ತೈದರೊಳಗೆ, ಅಂದರೆ ಓದಿನ ಕಾಲದಲ್ಲಿಯೇ, ಇದು ತಲೆದೋರುವುದು. ಆದುದರಿಂದ ಇದನ್ನು ಮೊದಲು ಕಾಣತಕ್ಕವರು ತಾಯಿತಂದೆಗಳು ಮತ್ತು ಉಪಾಧ್ಯಾಯರು. ಇದರಲ್ಲಿ ಎರಡು ಬಗೆಗಳುಂಟು. ಯಾವ ಬಗೆ ಎಂಬುದನ್ನು ತಿಳಿಯಲು ವೈದ್ಯರು ರೋಗಿಯನ್ನು ಒಂದು ರಾತ್ರಿ ಆಸ್ಪತ್ರೆಯಲ್ಲಿ ಮಲಗಿಸಿ ಅವನ ನಿದ್ದೆಯನ್ನು ಯಂತ್ರದಿಂದ ಬರೆಯಿಸಿಕೊಳ್ಳುವರು. ಹಗಲಿನ ರೋಗಕ್ಕೆ ರಾತ್ರಿಯ ಪರೀಕ್ಷೆ ಏತಕ್ಕೆ ಎಂದು ನಮ್ಮ ಲಕ್ಕವಳ್ಳಿಯ ಗೃಹಸ್ಥರೊಬ್ಬರು ನಮ್ಮನ್ನು ಕೇಳಿದರು. ಪ್ರಶ್ನೆಯು ಯೋಗ್ಯವಾದುದೇ. ಅದಕ್ಕೆ ಉತ್ತರ ಹೇಳಹೊರಟರೆ ನಿದ್ದೆಯ ಸ್ವರೂಪವನ್ನೇ ಸ್ವಲ್ಪ ಹೇಳಬೇಕಾಗುತ್ತದೆ.

ಆರೋಗ್ಯವಂತನ ನಿದ್ದೆಯು ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಮೊದಲು ತೆಳುವಾದ ಮಂಪರು, ಬಳಿಕ ಸಾಧಾರಣ ನಿದ್ದೆ, ಆಮೇಲೆ ಗಾಢನಿದ್ರೆ. ನಿದ್ದೆ ಹತ್ತಿದ ಸುಮಾರು ತೊಂಬತ್ತು ನಿಮಿಷಗಳ ತರುವಾಯ ಒಂದು ವಿಲಕ್ಷಣವಾದ ಸ್ಥಿತಿ ಬರುವುದು. ಆಗ ಮುಚ್ಚಿದ ರೆಪ್ಪೆಗಳ ಒಳಗೆ ಕಣ್ಣುಗಳು ಚುರುಕಾಗಿ ಹೊರಳಾಡುತ್ತವೆ, ಮಿದುಳಿನ ವಿದ್ಯುತ್ತಿನ ಅಲೆಗಳು ಎಚ್ಚರವಿದ್ದವನ ಅಲೆಗಳನ್ನು ಹೋಲುತ್ತವೆ, ಕನಸುಗಳು ಸ್ಫುಟವಾಗಿ ಬೀಳುತ್ತವೆ. ಆದರೆ ಕೈಕಾಲುಗಳ ಸ್ನಾಯುಗಳು ಕಟ್ಟಿಹಾಕಿದಂತೆ ಸಡಿಲವಾಗಿ ಬಿದ್ದಿರುತ್ತವೆ. ಕನಸಿನಲ್ಲಿ ಓಡುವವನು ಹಾಸಿಗೆಯಿಂದ ಎದ್ದು ಓಡದಂತೆ ಪ್ರಕೃತಿಯು ಮಾಡಿದ ಏರ್ಪಾಡು ಇದು. ಷಿಕಾಗೋ ನಗರದ ಆಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬವರು 1953ರಲ್ಲಿ ಇದನ್ನು ಕಂಡು ಪ್ರಕಟಿಸಿದರು. ವೈದ್ಯರು ಇದನ್ನು ರೆಮ್ ನಿದ್ದೆ ಎನ್ನುವರು. ನಾವು ಇಲ್ಲಿ ಸ್ವಪ್ನನಿದ್ರೆ ಎಂದು ಕರೆಯೋಣ. ಮಾಂಡೂಕ್ಯೋಪನಿಷತ್ತನ್ನು ಓದಿದವರಿಗೆ ಜಾಗ್ರತ್, ಸ್ವಪ್ನ, ಸುಷುಪ್ತಿ ಎಂಬ ವಿಭಾಗವು ಹೊಸದಲ್ಲ. ಚರಕಸಂಹಿತೆಯ ಸೂತ್ರಸ್ಥಾನದ 21ನೆಯ ಅಧ್ಯಾಯವೂ ರಾತ್ರಿಯ ಸ್ವಭಾವದಿಂದ ಹುಟ್ಟುವ ನಿದ್ದೆಯನ್ನು ಬೇರೆಯಾಗಿ, ವ್ಯಾಧಿಯನ್ನು ಅನುಸರಿಸಿ ಬರುವ ನಿದ್ದೆಯನ್ನು ಬೇರೆಯಾಗಿ ಎಣಿಸಿದೆ. ಹಾಗೆಂದು ಕಣ್ಣು ಹೊರಳುವ ನಿದ್ದೆಯ ಮಿತಿಯೂ ಅವಧಿಯೂ ನಮ್ಮ ಪೂರ್ವಿಕರಿಗೆ ಆಗಲೇ ತಿಳಿದಿದ್ದುವೆಂದು ಸಾಧಿಸುವ ಚಪಲ ನಮಗಿಲ್ಲ. ಅವರು ಕಂಡುದು ಅವರಿಗೆ, ಇವರು ಕಂಡುದು ಇವರಿಗೆ.

ನಾರ್ಕೋಲೆಪ್ಸಿಯಲ್ಲಿ ಈ ಮೆಟ್ಟಿಲುಗಳ ಕ್ರಮವೇ ತಪ್ಪಿಹೋಗುವುದು. ರೋಗಿಯು ಎಚ್ಚರದಿಂದ ನೇರವಾಗಿ ಸ್ವಪ್ನನಿದ್ರೆಗೆ ಧುಮುಕುತ್ತಾನೆ. 1960ರಲ್ಲಿಯೇ ವೈದ್ಯರು ಇದನ್ನು ಗುರುತಿಸಿದರು. ಇದೊಂದನ್ನು ತಿಳಿದುಕೊಂಡರೆ ರೋಗದ ಮಿಕ್ಕ ವಿಚಿತ್ರ ಲಕ್ಷಣಗಳೆಲ್ಲವೂ ಬಿಡಿಸಿದ ಸಂಧಿಯಂತೆ ತಿಳಿಯಾಗುತ್ತವೆ.

ನಾವು ಉಪಾಧ್ಯಾಯವೃತ್ತಿಯಲ್ಲಿದ್ದಾಗ ನಮ್ಮ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಹೆಸರು ಬೇಡ. ತಂದೆಯದು ಸ್ವಲ್ಪ ಅಡಕೆ ತೋಟ, ಭದ್ರಾ ನಾಲೆಯ ಕೆಳಗೆ ಒಂದಿಷ್ಟು ಗದ್ದೆ. ಹದಿಮೂರನೆಯ ವರ್ಷದವರೆಗೆ ಶಬ್ದರೂಪಗಳನ್ನು ತಡೆಯಿಲ್ಲದೆ ಒಪ್ಪಿಸುತ್ತಿದ್ದವನು, ಅನಂತರ ವಿಭಕ್ತಿಯ ನಡುವೆಯೇ ನಿದ್ದೆಹೋಗತೊಡಗಿದನು. ಅವನ ಬರವಣಿಗೆಯ ಪುಸ್ತಕವನ್ನು ನೋಡಿದರೆ ಸಾಲು ನೆಟ್ಟಗೆ ಹೊರಟು, ಅರ್ಧದಲ್ಲಿ ಅಕ್ಷರಗಳು ಸೊಟ್ಟಗಾಗಿ, ಕೊನೆಗೆ ಲೇಖನಿಯ ಒಂದು ಗೆರೆ ಮಾತ್ರ ಹಾಳೆಯ ಅಂಚಿನವರೆಗೆ ಎಳೆದುಕೊಂಡು ಹೋಗಿರುತ್ತಿತ್ತು. ನಿದ್ದೆಯಲ್ಲಿಯೂ ಕೈ ತನ್ನ ಕೆಲಸವನ್ನು ಸ್ವಲ್ಪ ದೂರ ನಡೆಯಿಸುತ್ತಿದ್ದಿತು. ಇದಕ್ಕಿಂತ ಭಯಂಕರವಾದುದು ಇನ್ನೊಂದು. ಗೆಳೆಯರು ಏನಾದರೂ ತಮಾಷೆ ಹೇಳಿ ಇವನು ನಕ್ಕನೆಂದರೆ, ದವಡೆ ಜೋಲುಬಿದ್ದು, ಮೊಣಕಾಲು ಮಡಿಸಿಕೊಂಡು, ಗೊಂಬೆಯಂತೆ ಕುಸಿಯುತ್ತಿದ್ದನು. ಅರ್ಧ ನಿಮಿಷವೋ ಒಂದು ನಿಮಿಷವೋ ಹೀಗಿದ್ದು ಏಳುವನು. ಎದ್ದಮೇಲೆ ವಿಚಾರಿಸಿದರೆ, ಬಿದ್ದಿದ್ದಾಗ ಸುತ್ತಲಿನವರು ಆಡಿದ ಮಾತನ್ನೆಲ್ಲ ಅಕ್ಷರಶಃ ಹೇಳುವನು! ಪ್ರಜ್ಞೆ ಒಂದಿಷ್ಟೂ ಹೋಗಿರುತ್ತಿರಲಿಲ್ಲ.

ಮನೆಯವರು ಮೊದಲು ತಾಯಿತ ಕಟ್ಟಿಸಿದರು. ಬಳಿಕ ಒಬ್ಬ ಡಾಕ್ಟರರು ಇದನ್ನು ಅಪಸ್ಮಾರವೆಂದು, ಎಂದರೆ ನಮ್ಮ ಹಳ್ಳಿಯವರು ಫಿಟ್ಸ್ ಎನ್ನುವ ರೋಗವೆಂದು ಎಣಿಸಿ, ಒಂದೂವರೆ ವರ್ಷ ಅದರ ಮಾತ್ರೆಗಳನ್ನು ಕೊಟ್ಟರು. ಆ ಮಾತ್ರೆಗಳಿಂದ ಹುಡುಗನಿಗೆ ಇನ್ನಷ್ಟು ನಿದ್ದೆ ಬಂದುದೇ ಲಾಭ. ರಾತ್ರಿ ಹೊತ್ತು ಯಾರೋ ಎದೆಯ ಮೇಲೆ ಕೂತಂತಾಗಿ ಕೈಕಾಲು ಆಡದೆ ಇವನು ಒಳಗೊಳಗೇ ಕೂಗಿಕೊಳ್ಳುತ್ತಿದ್ದುದನ್ನು ಕೇಳಿ, ಊರವರು ಭೂತದ ಮಾತನ್ನೂ ಎತ್ತಿದರು. ಅವನ ತಾಯಿ ನಮ್ಮಲ್ಲಿಗೆ ಬಂದು, "ಮೇಷ್ಟ್ರೇ, ನಗಬೇಡ ಅಂತ ಮಗನಿಗೆ ಹೇಳೋ ತಾಯಿ ಎಲ್ಲಾದರೂ ಇದ್ದಾಳಾ? ನಾನು ಹೇಳ್ತಾ ಇದೀನಿ" ಎಂದು ಕಣ್ಣೀರಿಟ್ಟಳು. ನಾವು ಆ ಸೊಟ್ಟಕ್ಷರದ ಪುಸ್ತಕವನ್ನೇ ಸಂಗಡ ತೆಗೆದುಕೊಂಡು ಬೆಂಗಳೂರಿನ ನರರೋಗ ವೈದ್ಯರಿಗೆ ತೋರಿಸಬೇಕೆಂದು ಹೇಳಿದೆವು. ತಂದೆಮಗ ಇಬ್ಬರೂ ತರೀಕೆರೆಯಲ್ಲಿ ರೈಲು ಹತ್ತಿದರು.

ನಕ್ಕಾಗ ಕುಸಿಯುವ ಈ ಲಕ್ಷಣಕ್ಕೆ ಕ್ಯಾಟಾಪ್ಲೆಕ್ಸಿ ಎಂದು ಹೆಸರು. ಸ್ವಪ್ನನಿದ್ರೆಯಲ್ಲಿ ಸ್ನಾಯುಗಳು ಸಡಿಲವಾಗುವುವೆಂದು ಹೇಳಿದೆವಷ್ಟೆ. ಆ ಸಡಿಲಿಕೆಯೊಂದು ಮಾತ್ರ ಎಚ್ಚರದ ನಡುವೆ ಬಂದು ಬಿಡುವುದೇ ಕ್ಯಾಟಾಪ್ಲೆಕ್ಸಿ. ಎದೆಯ ಮೇಲೆ ಕೂತ ಭೂತವೂ ಅದೇ: ಎಚ್ಚರವಾಗಿದೆ, ಸ್ನಾಯುಗಳ ಕಟ್ಟು ಮಾತ್ರ ಇನ್ನೂ ಬಿಚ್ಚಿಲ್ಲ, ಕನಸಿನ ಚೂರೊಂದು ಕಣ್ಣ ಮುಂದೆ ನಿಂತಿದೆ. (ಎದೆಯ ಮೇಲೆ ಕೂತಂತಾಗುವುದು ಆರೋಗ್ಯವಂತರಿಗೂ ಒಮ್ಮೊಮ್ಮೆ ಆಗುವುದುಂಟು, ಅದೊಂದರಿಂದಲೇ ಯಾರೂ ಹೆದರಬೇಕಾದುದಿಲ್ಲ.)

ಕ್ಯಾಟಾಪ್ಲೆಕ್ಸಿ ಇರುವುದು ಮೊದಲನೆಯ ಬಗೆಯ ನಾರ್ಕೋಲೆಪ್ಸಿ, ಇಲ್ಲದಿರುವುದು ಎರಡನೆಯ ಬಗೆ ಎಂದು ಸ್ಥೂಲವಾಗಿ ಹೇಳುವುದುಂಟು. ನಿಜವಾದ ಭೇದವು ಇನ್ನೂ ಒಳಗಿರುವುದು. ಮಿದುಳಿನ ತಳಭಾಗದಲ್ಲಿ ಹೈಪೊಥಲಾಮಸ್ ಎಂಬೆಡೆ ಸುಮಾರು ಎಪ್ಪತ್ತು ಸಾವಿರ ನರಕೋಶಗಳು ಒರೆಕ್ಸಿನ್ ಎಂಬ ವಸ್ತುವನ್ನು ತಯಾರಿಸುತ್ತವೆ. ಹೈಪೊಕ್ರೆಟಿನ್ ಎಂಬುದೂ ಅದರದೇ ಹೆಸರು; 1998ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಕಂಡುಹಿಡಿದುದರಿಂದ ಎರಡು ನಾಮಕರಣಗಳಾದುವು. ಎಚ್ಚರವನ್ನು ಎಚ್ಚರವಾಗಿಯೇ ಹಿಡಿದು ನಿಲ್ಲಿಸುವುದು ಇದರ ಕೆಲಸ. ನಮ್ಮ ಊರಿನ ಅಣೆಕಟ್ಟಿನ ಗೇಟಿಗೆ ಕಾವಲಿನವನು ಇದ್ದಂತೆ ಎನ್ನಬಹುದು. ಅವನಿದ್ದರೆ ಯಾವ ಹೊತ್ತಿಗೆ ಎಷ್ಟು ನೀರು ಎಂಬುದಕ್ಕೆ ಲೆಕ್ಕವುಂಟು, ಅವನಿಲ್ಲದಿದ್ದರೆ ಗೇಟು ತೆರೆಯುವುದಕ್ಕೂ ಮುಚ್ಚುವುದಕ್ಕೂ ಹೊತ್ತಿಲ್ಲ, ಗೊತ್ತಿಲ್ಲ. ಮೊದಲನೆಯ ಬಗೆಯಲ್ಲಿ ಈ ಕೋಶಗಳಲ್ಲಿ ಹೆಚ್ಚಿನವು ನಾಶವಾಗಿರುತ್ತವೆ ಎಂಬುದು 2000ದಲ್ಲಿ ಸ್ಪಷ್ಟವಾಯಿತು. ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ಭ್ರಮೆಯಿಂದ ಇವುಗಳನ್ನು ಕೊಲ್ಲುವುದೆಂದು ವಿದ್ವಾಂಸರು ಬಲವಾಗಿ ಊಹಿಸಿರುವರು. ಹೋದ ಕೋಶಗಳು ಹಿಂದಿರುಗುವುದಿಲ್ಲ. ಎರಡನೆಯ ಬಗೆಯಲ್ಲಾದರೋ ಒರೆಕ್ಸಿನ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಅದರ ಕಾರಣವು ಇನ್ನೂ ಇತ್ಯರ್ಥವಾಗಿಲ್ಲ.

ಬೆನ್ನೆಲುಬಿನ ನೀರನ್ನು ಸೂಜಿಯಿಂದ ತೆಗೆದು ಒರೆಕ್ಸಿನ್ ಅಳೆದರೆ ನಿರ್ಣಯವಾಗುವುದು ನಿಜ. ಅದು ಎಲ್ಲ ಊರುಗಳಲ್ಲಿಯೂ ಆಗತಕ್ಕ ಪರೀಕ್ಷೆಯಲ್ಲ, ಎಲ್ಲರೂ ಒಪ್ಪತಕ್ಕ ಪರೀಕ್ಷೆಯೂ ಅಲ್ಲ. ಆದುದರಿಂದಲೇ ರಾತ್ರಿಯ ನಿದ್ರಾಲೇಖನಕ್ಕೆ ಬೆಲೆ ಬಂದಿತು. ಇದನ್ನು ಪಾಲಿಸಾಮ್ನೋಗ್ರಫಿ ಎನ್ನುವರು. ಇಷ್ಟುದ್ದದ ಹೆಸರಿಗೆ ಹೆದರಬೇಕಾದುದಿಲ್ಲ. ಅದರ ನಡುವೆ ಇರುವ ಸಾಮ್ನಸ್ ಎಂಬ ಲ್ಯಾಟಿನ್ ಶಬ್ದವೂ ನಮ್ಮ ಸ್ವಪ್ನ ಶಬ್ದವೂ ಒಂದೇ ಮೂಲದವು, ಒಡಹುಟ್ಟುಗಳು. ತಲೆಯ ಮೇಲೆ, ಕಣ್ಣುಗಳ ಪಕ್ಕದಲ್ಲಿ, ಗಲ್ಲದ ಕೆಳಗೆ, ಎದೆಯ ಮೇಲೆ, ಕಾಲುಗಳ ಮೇಲೆ ಸಣ್ಣ ಸಣ್ಣ ತಂತಿಗಳನ್ನು ಅಂಟಿಸುವರು. ಎದೆಗೂ ಹೊಟ್ಟೆಗೂ ಪಟ್ಟಿ ಸುತ್ತುವರು. ಮೂಗಿನ ಬಳಿ ಉಸಿರನ್ನು ಅಳೆಯುವ ನಳಿಗೆ, ಬೆರಳಿಗೆ ರಕ್ತದ ಆಮ್ಲಜನಕವನ್ನು ಅಳೆಯುವ ಕ್ಲಿಪ್ಪು. ನೋವಿಲ್ಲ. ಮೈಯೊಳಕ್ಕೆ ವಿದ್ಯುತ್ತನ್ನು ಹರಿಸುವುದೂ ಇಲ್ಲ, ಮೈಯಲ್ಲಿರುವುದನ್ನು ಓದಿಕೊಳ್ಳುವುದಷ್ಟೆ. ಲೇಖನವನ್ನು ಮೂವತ್ತು ಸೆಕೆಂಡಿಗೆ ಒಂದು ಪುಟದಂತೆ ವಿಭಾಗಿಸಿ, ಪ್ರತಿ ಪುಟದಲ್ಲಿಯೂ ಎಚ್ಚರವೋ ಮಂಪರೋ ಗಾಢನಿದ್ರೆಯೋ ಸ್ವಪ್ನನಿದ್ರೆಯೋ ಎಂದು ಗುರುತು ಹಾಕುವರು. ಎಂಟು ಗಂಟೆಗಳ ರಾತ್ರಿಗೆ 960 ಪುಟಗಳು! ನಾವು ಪರೀಕ್ಷೆಯ ಉತ್ತರಪತ್ರಗಳ ಕಟ್ಟುಗಳನ್ನು ತಿದ್ದಿ ಬೇಸತ್ತವರಾದುದರಿಂದ, ಈ ಕೆಲಸ ಮಾಡುವವರಲ್ಲಿ ನಮಗೆ ವಿಶೇಷವಾದ ಗೌರವವುಂಟು.

ಹುಡುಗನ ರಾತ್ರಿಯ ಲೇಖನವು ಹೀಗಿತ್ತು: ದೀಪವಾರಿಸಿದ ಮೂರು ನಿಮಿಷಕ್ಕೆ ನಿದ್ದೆ, ನಿದ್ದೆ ಹತ್ತಿದ ಆರು ನಿಮಿಷಕ್ಕೆ ಸ್ವಪ್ನನಿದ್ರೆ. ತೊಂಬತ್ತು ನಿಮಿಷ ಕಾಯಬೇಕಾದ ಅತಿಥಿಯು ಬಾಗಿಲು ತೆರೆಯುತ್ತಲೇ ಒಳಗೆ ಬಂದಿದ್ದನು. ಆ ಬಳಿಕ ರಾತ್ರಿಯೆಲ್ಲ ನಿದ್ದೆ ಒಡೆದೊಡೆದು ಹೋಗಿತ್ತು. ಮೇಲಿಂದ ಮೇಲೆ ಎಚ್ಚರ, ಮಂಪರು, ಮತ್ತೆ ಎಚ್ಚರ. ಸ್ವಪ್ನನಿದ್ರೆಯಲ್ಲಿ ಸಡಿಲವಾಗಿರಬೇಕಾದ ಗಲ್ಲದ ಸ್ನಾಯು ನಡುನಡುವೆ ಬಿಗಿಯಾಗಿಯೇ ಇದ್ದಿತು. ಉಸಿರಾಟದಲ್ಲಿ ದೋಷವಿರಲಿಲ್ಲ. ಗೊರಕೆಯವರಿಗೆ ಉಸಿರು ಕಟ್ಟಿ ಕಟ್ಟಿ ನಿದ್ದೆ ಕೆಟ್ಟು ಹಗಲು ತೂಕಡಿಕೆ ಬರುವುದುಂಟು. ಅದಲ್ಲವೆಂಬುದೂ ಅದೇ ರಾತ್ರಿಯಲ್ಲಿ ತಿಳಿಯಿತು. ಮರುದಿನ ಎರಡೆರಡು ಗಂಟೆಗಳಿಗೊಮ್ಮೆ ಐದು ಸಲ ಕತ್ತಲೆ ಕೋಣೆಯಲ್ಲಿ ಮಲಗಿಸಿ, ಎಷ್ಟು ಬೇಗ ನಿದ್ದೆ ಬರುವುದು, ಅದರಲ್ಲಿ ಸ್ವಪ್ನನಿದ್ರೆ ಕಾಣುವುದೇ ಎಂದು ನೋಡಿದರು. ಸರಾಸರಿಯಲ್ಲಿ ಎಂಟು ನಿಮಿಷ ಅಥವಾ ಅದಕ್ಕೂ ಕಡಮೆಯೊಳಗೆ ನಿದ್ದೆ ಹತ್ತಿ, ಎರಡು ಸಲವಾದರೂ ಬೇಗನೆ ಸ್ವಪ್ನನಿದ್ರೆ ಬಂದರೆ ನಾರ್ಕೋಲೆಪ್ಸಿ ಎಂಬುದು ನಿಯಮ. 2014ರ ಅಂತರರಾಷ್ಟ್ರೀಯ ವರ್ಗೀಕರಣವು ರಾತ್ರಿಯಲ್ಲಿ ಬಂದ ಒಂದನ್ನೂ ಈ ಎರಡರ ಲೆಕ್ಕಕ್ಕೆ ಸೇರಿಸಬಹುದೆಂದಿತು. 2023ರ ಪರಿಷ್ಕರಣವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹಗಲು ನಿದ್ದೆಯೂ ಸ್ಪಷ್ಟವಾದ ಕ್ಯಾಟಾಪ್ಲೆಕ್ಸಿಯೂ ಇರುವವರಿಗೆ ರಾತ್ರಿಯ ಈ ಒಂದು ಗುರುತೇ ಮೊದಲನೆಯ ಬಗೆಯನ್ನು ನಿರ್ಣಯಿಸಲು ಸಾಕೆಂದು ಹೇಳಿದೆ.

ಇಲ್ಲಿ ವಾಚಕರು ಸ್ವಲ್ಪ ಸಾವಧಾನದಿಂದ ಓದಬೇಕು. ರಾತ್ರಿಯ ಗುರುತು ಇಲ್ಲದಿದ್ದರೆ ರೋಗವೂ ಇಲ್ಲವೆಂದು ಅರ್ಥವೇ? ಅಲ್ಲ. ನ್ಯಾಯಶಾಸ್ತ್ರವನ್ನು ಓದಿದವರಿಗೆ ಇದು ಹಳೆಯ ಪಾಠ. ಬೇಸಗೆಯಲ್ಲಿ ಭದ್ರಾ ಕಾಡಿನ ಗುಡ್ಡದ ಮೇಲೆ ಹೊಗೆ ಎದ್ದರೆ ಅಲ್ಲಿ ಬೆಂಕಿ ಇರಲೇಬೇಕು. ಆದರೆ ಕಮ್ಮಾರನ ಕುಲುಮೆಯಿಂದ ಹೊರತೆಗೆದ ಕೆಂಪು ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದ್ದರೂ ಹೊಗೆ ಇರುವುದಿಲ್ಲ. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು, ಹೊಗೆಯಿಲ್ಲದುದರಿಂದ ಬೆಂಕಿಯಿಲ್ಲವೆಂದು ಊಹಿಸಲಾಗದು. 2013ರಲ್ಲಿ ಪ್ರಕಟವಾದ ಒಂದು ದೊಡ್ಡ ಪರಿಶೋಧನೆಯಲ್ಲಿ, ನಿದ್ದೆ ಹತ್ತಿದ ಹದಿನೈದು ನಿಮಿಷದೊಳಗೆ ಸ್ವಪ್ನನಿದ್ರೆ ಬರುವುದೆಂಬ ಗುರುತು ಒರೆಕ್ಸಿನ್ ಕೊರತೆಯವರಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ ಮಾತ್ರ ಕಂಡಿತು. ಹೋಲಿಕೆಗೆ ತೆಗೆದುಕೊಂಡ ಇತರರಲ್ಲಿಯಾದರೋ ನೂರಕ್ಕೆ ಒಬ್ಬರಲ್ಲಿಯೂ ಕಾಣಲಿಲ್ಲವೆನ್ನಬೇಕು. ಕಂಡರೆ ನಂಬಬಹುದಾದ ಸಾಕ್ಷಿ. ಕಾಣದಿದ್ದರೆ ಬೇರೆ ಸಾಕ್ಷಿಗಳನ್ನು ವಿಚಾರಿಸಬೇಕು.

ಎರಡನೆಯ ಬಗೆಯ ನಿರ್ಣಯವು ಇನ್ನೂ ಕಷ್ಟವಾದುದು. ಅದರಲ್ಲಿ ಕುಸಿತವಿಲ್ಲ, ಒರೆಕ್ಸಿನ್ನಿನ ಕೊರತೆಯಿಲ್ಲ, ರಾತ್ರಿಯ ಲೇಖನದಲ್ಲಿ ಮೊದಲ ಬಗೆಯಂತಹ ಒಡಕು ನಿದ್ದೆಯೂ ಅಷ್ಟಾಗಿ ಕಾಣದು. ನಮ್ಮ ಸೋದರಿಯ ಮಗಳೊಬ್ಬಳು ಶಿವಮೊಗ್ಗೆಯಲ್ಲಿ ಕಾಲೇಜು ಓದುವಾಗ ಪಾಠದಲ್ಲಿ ಕುಳಿತಲ್ಲಿಯೇ ಮಲಗುತ್ತಿದ್ದಳು. ನಕ್ಕರೆ ಬೀಳುತ್ತಿರಲಿಲ್ಲ. ಒಂದು ಕಡೆ ಪರೀಕ್ಷೆ ಮಾಡಿಸಿದರು. ರಾತ್ರಿಯ ಲೇಖನದಲ್ಲಿ ಹಾಸಿಗೆಗೆ ಬಿದ್ದವಳೇ ಗಾಢನಿದ್ರೆಗೆ ಇಳಿದು ಬೆಳಗಿನವರೆಗೆ ಕದಲದೆ ಮಲಗಿದ್ದಳು. ಸ್ವಪ್ನನಿದ್ರೆ ಬಂದುದು ಎಂಬತ್ತು ನಿಮಿಷದ ಮೇಲೆ. ಮರುದಿನ ಮಾತ್ರ ಸರಾಸರಿ ಆರು ನಿಮಿಷದಲ್ಲಿ ನಿದ್ದೆ, ಎರಡು ಸಲ ಸ್ವಪ್ನನಿದ್ರೆ. ಎರಡನೆಯ ಬಗೆಯ ನಾರ್ಕೋಲೆಪ್ಸಿ ಎಂದು ಬರೆದುಕೊಟ್ಟರು. ಹುಡುಗಿಗೆ ವರ ಗೊತ್ತಾಗುತ್ತಿದ್ದ ಕಾಲ. ಆ ಕಾಗದವು ಮನೆಯಲ್ಲಿ ಎಬ್ಬಿಸಿದ ಕೋಲಾಹಲವನ್ನು ನಾವು ವರ್ಣಿಸಬೇಕಾದುದಿಲ್ಲ. ಬೇರೊಬ್ಬ ವೈದ್ಯರು ಕೇಳಿದ ಮೊದಲನೆಯ ಪ್ರಶ್ನೆ, "ಅಮ್ಮಾ, ದಿನಾ ರಾತ್ರಿ ಎಷ್ಟು ಹೊತ್ತಿಗೆ ಮಲಗ್ತೀರಿ?" ಎಂದು. ಅವಳು ಒಂದು ಗಂಟೆಯವರೆಗೆ ಓದಿ ಆರಕ್ಕೆ ಏಳುತ್ತಿದ್ದಳು. ಮೊದಲು ಪರೀಕ್ಷಿಸಿದ ಕಡೆ ಯಾರೂ ನಿದ್ದೆಯ ದಿನಚರಿಯನ್ನು ಕೇಳಿರಲಿಲ್ಲ. ಮೂರು ವಾರ ಎಂಟು ಗಂಟೆಗಳ ನಿದ್ದೆ ಮಾಡಿಸಿ ಮತ್ತೆ ಪರೀಕ್ಷಿಸಿದಾಗ ನಿದ್ದೆ ಬರಲು ಹನ್ನೊಂದು ನಿಮಿಷ ಹಿಡಿಯಿತು, ಹಗಲಿನಲ್ಲಿ ಸ್ವಪ್ನನಿದ್ರೆ ಒಮ್ಮೆಯೂ ಬರಲಿಲ್ಲ. ಆ ಹೆಸರನ್ನು ಹೊಡೆದುಹಾಕಿದರು. ನಿಜವಾಗಿಯೂ ಎರಡನೆಯ ಬಗೆಯವರಾದ ರೋಗಿಗಳು ಇಲ್ಲವೆಂದು ಇದರಿಂದ ತಿಳಿಯಬಾರದು, ಇದ್ದಾರೆ. ಅವರ ಕಷ್ಟವೂ ಸಣ್ಣದಲ್ಲ. ಆದರೆ ಹಗಲಿನ ಪರೀಕ್ಷೆಯ ಫಲವು ಎರಡನೆಯ ಬಗೆಯವರಲ್ಲಿ ಮರುಪರೀಕ್ಷೆಯಿಂದ ಬದಲಾಗುವುದು ಆಗಾಗ್ಗೆ ಕಂಡುಬಂದಿದೆ, ಮೊದಲನೆಯ ಬಗೆಯವರಲ್ಲಿ ಅದು ಬಹಳ ಮಟ್ಟಿಗೆ ಸ್ಥಿರ. ಆ ಹುಡುಗನ ಒಡಕು ರಾತ್ರಿಯನ್ನೂ ಈ ಹುಡುಗಿಯ ಅಖಂಡ ರಾತ್ರಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದ್ದರೆ ಸಂಶಯವು ಮೊದಲೇ ಹುಟ್ಟಬೇಕಾಗಿತ್ತು.

ಈಚೆಗೆ ಈ ಓದುವ ಕೆಲಸಕ್ಕೆ ಕಂಪ್ಯೂಟರನ್ನು ಹಚ್ಚಿರುವರು. 2018ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ಮತ್ತು ಡೆನ್ಮಾರ್ಕಿನ ವಿದ್ವಾಂಸರು ಕೂಡಿ ಸುಮಾರು ಮೂರು ಸಾವಿರ ನಿದ್ರಾಲೇಖನಗಳನ್ನು ಹೀಗೆ ಓದಿಸಿದರು. ಮನುಷ್ಯನು ಒಂದು ಪುಟಕ್ಕೆ ಒಂದೇ ಗುರುತು ಹಾಕುವನು. ಯಂತ್ರವು ಈ ಕ್ಷಣದಲ್ಲಿ ಎಚ್ಚರ ಇಷ್ಟು ಪಾಲು, ಮಂಪರು ಇಷ್ಟು ಪಾಲು, ಸ್ವಪ್ನನಿದ್ರೆ ಇಷ್ಟು ಪಾಲು ಎಂದು ಭಾಗಿಸಿ ಹೇಳುವುದು. ಮೊದಲನೆಯ ಬಗೆಯ ರೋಗಿಯಲ್ಲಿ ಈ ಅವಸ್ಥೆಗಳು ಒಂದರೊಳಗೊಂದು ಬೆರೆತುಕೊಂಡಿರುವುದರಿಂದ, ಆ ಬೆರಕೆಯೇ ಗುರುತಾಯಿತು. ಒಂದು ರಾತ್ರಿಯ ಲೇಖನದಿಂದಲೇ ನೂರು ರೋಗಿಗಳಲ್ಲಿ 91 ಮಂದಿಯನ್ನು ಅದು ಹಿಡಿಯಿತು. ರೋಗವಿಲ್ಲದ ನೂರರಲ್ಲಿ 96 ಮಂದಿಯನ್ನು ಸರಿಯಾಗಿ ಬಿಟ್ಟಿತು. ಎರಡನೆಯ ಬಗೆಯ ಗಂಟನ್ನು ಯಂತ್ರವೂ ಇನ್ನೂ ಬಿಚ್ಚಿಲ್ಲ.

ನಮ್ಮ ನಾಡಿನಲ್ಲಿ ಇಂತಹ ವಿದ್ಯೆಗೆ ನೆಲೆ ಇಲ್ಲವೆಂದು ಯಾರೂ ಕೊರಗಬೇಕಾದುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನರಶರೀರಕ್ರಿಯಾ ವಿಭಾಗದಲ್ಲಿ ಮನುಷ್ಯರ ನಿದ್ದೆಯನ್ನು ರಾತ್ರಿಯಿಡೀ ಬರೆದು ಅಭ್ಯಸಿಸುವ ಕೆಲಸ ನಡೆದಿದೆ. ವಿಪಶ್ಯನ ಧ್ಯಾನವನ್ನು ಮಾಡುವವರ ನಿದ್ದೆಯನ್ನು ಅಲ್ಲಿಯವರು ಬರೆದು, ಅವರಲ್ಲಿ ಗಾಢನಿದ್ರೆಯೂ ಸ್ವಪ್ನನಿದ್ರೆಯೂ ಹೆಚ್ಚಾಗಿರುವುದೆಂದು 2010ರಲ್ಲಿ ಪ್ರಕಟಿಸಿದರು.

ಬಗೆ ಯಾವುದಾದರೇನು, ನಿದ್ದೆ ಬರುವುದಂತೂ ನಿಜವಲ್ಲವೇ ಎನ್ನುವವರುಂಟು. ಮನೆಯವರಿಗೆ ಇದರಿಂದ ಆಗುವ ವ್ಯತ್ಯಾಸವು ದೊಡ್ಡದು. ಮೊದಲನೆಯ ಬಗೆಯೆಂದು ತಿಳಿದರೆ, ಇದು ಜೀವಮಾನದ ಸಂಗಾತಿಯೆಂದೂ, ಕುಸಿತಕ್ಕೆ ಬೇರೆ ಔಷಧವುಂಟೆಂದೂ, ಅಪಸ್ಮಾರದ ಮಾತ್ರೆ ಬೇಡವೆಂದೂ ತಿಳಿಯುವುದು. ಒರೆಕ್ಸಿನ್ನಿನ ಕೆಲಸವನ್ನು ತಾವೇ ಮಾಡಬಲ್ಲ ಔಷಧಗಳನ್ನು ಈ ದಶಕದಲ್ಲಿ ಮುಖ್ಯವಾಗಿ ಮೊದಲನೆಯ ಬಗೆಯ ರೋಗಿಗಳಲ್ಲಿಯೇ ಪರೀಕ್ಷಿಸಿದ್ದಾರೆ. ಎರಡನೆಯ ಬಗೆಯೆಂದಾದರೆ ಕೆಲವರಲ್ಲಿ ಅದು ಕಾಲಕ್ರಮದಲ್ಲಿ ಮೊದಲನೆಯದಾಗಿ ಮಾರ್ಪಡುವುದುಂಟು, ಕೆಲವರಲ್ಲಿ ತಾನಾಗಿ ತಗ್ಗುವುದೂ ಉಂಟು. ಆದುದರಿಂದ ಮತ್ತೆ ಮತ್ತೆ ನೋಡಿಕೊಳ್ಳಬೇಕು. ಎರಡಕ್ಕೂ ಸಾಮಾನ್ಯವಾದುದು ಎಚ್ಚರಿಕೆ: ಔಷಧದಿಂದ ನಿದ್ದೆಯು ಹತೋಟಿಗೆ ಬಂದು ವೈದ್ಯರು ಒಪ್ಪುವವರೆಗೆ ಮೋಟಾರು ಸೈಕಲ್ಲು ಬೇಡ, ನಾಲೆಯ ದಂಡೆಯಲ್ಲಿ ಒಂಟಿಯಾಗಿ ಕುಳ್ಳಿರುವುದು ಬೇಡ, ಈಜು ಬೇಡ, ಅಡಕೆ ಮರ ಹತ್ತುವುದಂತೂ ಬೇಡವೇ ಬೇಡ. ನಮ್ಮ ಆ ಹುಡುಗನಿಗೆ ಔಷಧದ ಜೊತೆಗೆ ಮಧ್ಯಾಹ್ನ ಇಪ್ಪತ್ತು ನಿಮಿಷ ಮಲಗಲು ಶಾಲೆಯಲ್ಲಿ ಒಂದು ಬೆಂಚನ್ನು ಬಿಟ್ಟುಕೊಟ್ಟೆವು. ಆ ನಿದ್ದೆಯಿಂದ ಎದ್ದ ಬಳಿಕ ಎರಡು ಗಂಟೆಗಳ ಪಾಠವನ್ನು ಅವನು ಚೆನ್ನಾಗಿಯೇ ಕೇಳುತ್ತಿದ್ದನು.

ಪರೀಕ್ಷೆಗೆ ಹೋಗುವವರು ತಿಳಿದಿರಬೇಕಾದ ಒಂದೆರಡು ಮಾತುಗಳು. ಹೋಗುವ ಮುಂಚೆ ಎರಡು ವಾರ ಮಲಗಿದ ಹೊತ್ತನ್ನೂ ಎದ್ದ ಹೊತ್ತನ್ನೂ ದಿನವೂ ಬರೆದಿಡಬೇಕು, ಆ ದಿನಗಳಲ್ಲಿ ನಿದ್ದೆಗೆಡಬಾರದು. ತೆಗೆದುಕೊಳ್ಳುವ ಔಷಧಗಳನ್ನೆಲ್ಲ ವೈದ್ಯರಿಗೆ ತೋರಿಸಬೇಕು. ಮನಸ್ಸಿನ ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳು ಸ್ವಪ್ನನಿದ್ರೆಯನ್ನು ಅಡಗಿಸುವುದರಿಂದ ಲೇಖನವು ಸುಳ್ಳು ಹೇಳುವುದು. ಆದರೆ ಅವುಗಳನ್ನು ತಾವಾಗಿಯೇ ನಿಲ್ಲಿಸಬಾರದು, ವೈದ್ಯರು ಹೇಳಿದಂತೆಯೇ ನಿಲ್ಲಿಸಬೇಕು. ನಕ್ಕಾಗ ಕುಸಿಯುವುದು ನಿಜವಾದರೆ ಮನೆಯಲ್ಲಿ ಯಾರಾದರೂ ಅದನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರೆ ವೈದ್ಯರಿಗೆ ಬಹಳ ಉಪಕಾರವಾಗುತ್ತದೆ. ಪರೀಕ್ಷೆಯ ದಿನ ಮಧ್ಯಾಹ್ನದ ಮೇಲೆ ಕಾಫಿ ಬೇಡ. ನಮ್ಮ ಕಡೆಯ ತಾಯಂದಿರು ದೊಡ್ಡಾಸ್ಪತ್ರೆಗೆ ಹೊರಟ ಮಕ್ಕಳ ತಲೆಗೆ ಮುಂಚಿನ ದಿನ ಕೈತುಂಬ ಕೊಬ್ಬರಿ ಎಣ್ಣೆ ಹಚ್ಚಿ ಬಾಚಿ ಕಳುಹಿಸುವುದುಂಟು. ಎಣ್ಣೆಯಿದ್ದರೆ ತಂತಿಗಳು ಅಂಟಿಕೊಳ್ಳುವುದಿಲ್ಲ. ಸೀಗೆಕಾಯಿ ಹಾಕಿ ತಲೆಯನ್ನು ತೊಳೆದು, ಒಣಗಿಸಿ, ಎಣ್ಣೆ ಮುಟ್ಟಿಸದೆ ಕರೆದೊಯ್ಯಬೇಕು. ತನ್ನ ದಿಂಬಿಲ್ಲದೆ ನಿದ್ದೆ ಬಾರದವರು ಅದನ್ನೂ ಸಂಗಡ ತೆಗೆದುಕೊಂಡು ಹೋಗಬಹುದು.